ಮೂಲೆಯ ಕಸದ ಗುಡ್ಡೆ ಮತ್ತೆ ಹುಟ್ಟದ ಹಾಗೆ ಮಾಡುವುದು ಹೇಗೆ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಅಂಥದ್ದೊಂದು ಮೂಲೆ ಇದ್ದೇ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಕೆಳಗೋ, ಖಾಲಿ ಸೈಟಿನ ಮುಂದೋ, ರಾಜಕಾಲುವೆಯ ಅಂಚಿಗೋ ಕವರ್‌ಗಳ ಗುಡ್ಡೆ, ಅದರ ಮೇಲೆ ನಾಯಿ, ಹಸು, ಕಾಗೆ. ಪಾಲಿಕೆಯವರ ಬಾಯಲ್ಲಿ ಅದು ಬ್ಲ್ಯಾಕ್ ಸ್ಪಾಟ್. ಭಾನುವಾರ ಹತ್ತು ಜನ ಸೇರಿ ಗುಡಿಸಿ, ಫೋಟೊ ತೆಗೆಸಿಕೊಂಡು ಮನೆಗೆ ಹೋದರೆ ಮಂಗಳವಾರದ ಹೊತ್ತಿಗೆ ಗುಡ್ಡೆ ಮತ್ತೆ ಅಲ್ಲೇ ಕೂತಿರುತ್ತದೆ. ಅಲ್ಲಿದ್ದ ಕಸ ಹೋಯಿತು, ಅದು ಬರುವ ದಾರಿ ಹಾಗೇ ಉಳಿಯಿತು. ಯಾರದೋ ಮನೆಯ ಬಕೆಟ್ಟಿಗೂ ಮನೆ ಕಸ ಒಯ್ಯಲು ಬೆಳಿಗ್ಗೆ ಬರುವ ಆಟೋ ಟಿಪ್ಪರಿಗೂ ದಿನಾ ಭೇಟಿ ತಪ್ಪುತ್ತಿದೆ. ಆ ತಪ್ಪಿದ ಭೇಟಿ ಎಲ್ಲೆಂದು ಪತ್ತೆ ಮಾಡುವುದೇ ಅರ್ಧ ಕೆಲಸ. ಆದ್ದರಿಂದ ಇಲ್ಲಿ ಹೇಳುವ ಕ್ರಮದಲ್ಲಿ ಪೊರಕೆ ಹಿಡಿಯುವುದು ಮೂರನೆಯ ವಾರ ಕಳೆದ ಮೇಲೆ.

ಮೊದಲ ವಾರ ಬರೀ ನೋಡಿ

ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಎಳೆಯಿರಿ: ಎಷ್ಟು ಹೊತ್ತಿಗೆ, ಏನು ಬಿತ್ತು, ನಡೆದು ಬಂದರೋ ಗಾಡಿಯಲ್ಲೋ, ಯಾವ ಕಡೆಯಿಂದ. ಬೆಳಿಗ್ಗೆ 5:30ರಿಂದ 7:30, ಆಮೇಲೆ 9ರಿಂದ 11, ರಾತ್ರಿ 9ರಿಂದ 11. ಈ ಮೂರು ಹೊತ್ತನ್ನು ಏಳು ದಿನ ಹಂಚಿಕೊಂಡು ನೋಡಿದರೆ ಸಾಕು. ಏಳು ದಿನ ಏಕೆಂದರೆ ಶನಿವಾರ, ಭಾನುವಾರದ ಕಸವೇ ಬೇರೆ. ಎದುರು ಮನೆಯ ಮೆಟ್ಟಿಲ ಮೇಲೆ ಕೂತು ನೋಡಿದರಾಯಿತು, ಅಡಗಿಕೊಳ್ಳುವುದು ಬೇಡ. ಯಾರ ಮುಖವನ್ನೂ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಮ್ಮೆ ಅವಮಾನವಾದವರು ಕಸ ಹಾಕುವುದನ್ನು ನಿಲ್ಲಿಸುವುದಿಲ್ಲ, ಇನ್ನೂ ಕತ್ತಲಾದ ಮೇಲೆ ಬರುತ್ತಾರೆ, ಅಷ್ಟೆ. ನಾಳೆ ನಿಮ್ಮ ಜೊತೆ ಮಾತಿಗೂ ಸಿಗುವುದಿಲ್ಲ.

ವಾರದ ಕೊನೆಗೆ ದಪ್ಪ ಗ್ಲೌಸ್ ಹಾಕಿಕೊಂಡು, ಇಕ್ಕಳ ಹಿಡಿದು ನಾಲ್ಕಾರು ಕವರ್ ಬಿಚ್ಚಿ ನೋಡಿ. ಕಸವೇ ತನ್ನ ಮನೆ ಯಾವುದೆಂದು ಹೇಳುತ್ತದೆ. ಸಣ್ಣ ಕ್ಯಾರಿ ಬ್ಯಾಗು, ಒಳಗೆ ಅನ್ನ, ಹಾಲಿನ ಕವರ್, ಟೀ ಸೊಪ್ಪು ಎಲ್ಲ ಕಲಸಿದ್ದು, ಬೈಕಿನಿಂದ ಎಸೆದದ್ದು ಎಂದರೆ ಅದು ಟಿಪ್ಪರ್ ಬರುವ ಮುಂಚೆ ಕೆಲಸಕ್ಕೆ ಹೊರಡುವವರದು: ಬಾಡಿಗೆ ಮನೆಯವರು, ಒಂಟಿಯಾಗಿರುವ ಹುಡುಗರು, ಪಿ.ಜಿ.ಗಳಲ್ಲಿ ಇರುವವರು. ದೊಡ್ಡ ಕಪ್ಪು ಚೀಲ, ಬಾಳೆಎಲೆ, ಕಾಗದದ ಲೋಟ ಕಂಡರೆ ಅಡುಗೆ ಕಾಂಟ್ರಾಕ್ಟಿನವರದೋ ತಳ್ಳುಗಾಡಿಯವರದೋ ಇರಬೇಕು. ಎಳನೀರು ಬುರುಡೆ, ಕಬ್ಬಿನ ಸಿಪ್ಪೆ, ಕೋಳಿ ಪುಕ್ಕ ಇವುಗಳ ಮೂಲ ಹುಡುಕಲು ನೂರು ಮೀಟರ್ ನಡೆದರೆ ಸಾಕು. ಇಟ್ಟಿಗೆ ಚೂರು, ಒಡೆದ ಟೈಲ್ಸ್, ಹಳೆ ಕಮೋಡ್ ಬಿದ್ದಿದ್ದರೆ ಹತ್ತಿರದಲ್ಲೆಲ್ಲೋ ಮನೆ ರಿಪೇರಿ ನಡೆಯುತ್ತಿದೆ. ಒಂದು ಲಗೇಜ್ ಆಟೋ ರಾತ್ರಿ ಬಂದು ಸುರಿದು ಹೋಗಿದೆ.

ಬಹಳ ಜನರ ಕಣ್ಣಿಗೆ ಬೀಳದ ಇನ್ನೊಂದು ಮೂಲವಿದೆ. ಬೆಳಿಗ್ಗೆ ಬೀದಿ ಗುಡಿಸುವ ಪೌರಕಾರ್ಮಿಕರು ಎಲೆ, ಮಣ್ಣು ಒಟ್ಟು ಮಾಡಿ ಮೂಲೆಯಲ್ಲಿ ಗುಡ್ಡೆ ಹಾಕುತ್ತಾರೆ. ಅದನ್ನು ಒಯ್ಯುವ ಗಾಡಿ ಮಧ್ಯಾಹ್ನವೋ ಮಾರನೆಯ ದಿನವೋ ಬರುತ್ತದೆ. ಅಷ್ಟರಲ್ಲಿ ದಾರಿಹೋಕರಿಗೆ ಅದು "ಇಲ್ಲಿ ಹಾಕಬಹುದು" ಎಂಬ ಬೋರ್ಡಿನಂತೆ ಕಾಣುತ್ತದೆ. ಒಂದು ಬುಟ್ಟಿ ಎಲೆಯ ಮೇಲೆ ಸಂಜೆಗೆ ಇಪ್ಪತ್ತು ಕವರ್. ಬೀದಿ ಗುಡಿಸುವವರೇ ಬೇರೆ, ಮನೆ ಕಸ ಒಯ್ಯುವ ಟಿಪ್ಪರಿನವರೇ ಬೇರೆ ಎಂಬುದು ಎಷ್ಟೋ ಮನೆಗಳಿಗೆ ತಿಳಿದಿಲ್ಲ. ಟಿಪ್ಪರ್ ತಪ್ಪಿದ ದಿನ ಗುಡಿಸುವ ಹೆಂಗಸಿನ ಕೈಗೆ ಹತ್ತು ರೂಪಾಯಿ ಇಟ್ಟು ಕವರ್ ಕೊಡುತ್ತಾರೆ. ಆಕೆಯ ಬಳಿ ಗಾಡಿ ಇಲ್ಲ. ಆ ಕವರ್ ಇನ್ನೆಲ್ಲಿಗೆ ಹೋಗಬೇಕು?

ಎರಡು, ಮೂರನೆಯ ವಾರ: ದಾರಿ ಮುಚ್ಚುವುದು

ಟಿಪ್ಪರ್ ನಿಮ್ಮ ಬೀದಿಗೆ ನಿಜವಾಗಿ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಐದು ದಿನ ಬರೆದಿಡಿ. ಕಾಗದದ ಮೇಲಿನ ಹೊತ್ತು ಬೇರೆ, ಬೀದಿಯ ಹೊತ್ತು ಬೇರೆ. ಚಾಲಕ ಮತ್ತು ಸಹಾಯಕರನ್ನು ಕೇಳಿದರೆ ಯಾವ ಕ್ರಾಸ್ ಬಿಟ್ಟುಹೋಗುತ್ತದೆ, ಯಾಕೆ ಎಂದು ಅವರೇ ಹೇಳುತ್ತಾರೆ: ಗಾಡಿ ತಿರುಗಲು ಜಾಗವಿಲ್ಲ, ರಸ್ತೆ ಅಗೆದಿದ್ದಾರೆ, ಅರ್ಧ ದಾರಿಗೇ ಗಾಡಿ ತುಂಬುತ್ತದೆ. ಈ ಪಟ್ಟಿಯನ್ನು ಹಿಡಿದು ವಾರ್ಡಿನ ಮೇಸ್ತ್ರಿ (ಪೌರಕಾರ್ಮಿಕರ ಮೇಲ್ವಿಚಾರಕ) ಅಥವಾ ಆರೋಗ್ಯ ನಿರೀಕ್ಷಕರನ್ನು ಕಾಣಿ. "ಕಸ ತೆಗೆಯುತ್ತಿಲ್ಲ" ಎನ್ನುವ ದೂರಿಗೂ "4ನೇ ಕ್ರಾಸಿನ ಕೊನೆಯ 18 ಮನೆಗೆ ವಾರದಲ್ಲಿ ಮೂರು ದಿನ ಗಾಡಿ ಬರುತ್ತಿಲ್ಲ" ಎನ್ನುವ ದೂರಿಗೂ ಬಹಳ ವ್ಯತ್ಯಾಸವಿದೆ, ಎರಡನೆಯದಕ್ಕೆ ಅವರು ಏನಾದರೂ ಮಾಡಬಲ್ಲರು. ಜೊತೆಗೆ ಪಾಲಿಕೆಯ 1533 ಸಹಾಯವಾಣಿಯಲ್ಲೂ ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಹೊತ್ತಿಗೆ ಮನೆಯಲ್ಲಿ ಇರದವರಿಗೆ ಬುದ್ಧಿವಾದ ಹೇಳಿ ಪ್ರಯೋಜನವಿಲ್ಲ, ಏರ್ಪಾಟು ಬೇಕು. ನಾಲ್ಕೈದು ಬಾಡಿಗೆ ಮನೆಗಳಿಗೆ ಒಂದು "ಗೇಟ್ ಮನೆ" ಗೊತ್ತು ಮಾಡಿ. ಆ ಮನೆಯ ಕಾಂಪೌಂಡಿನ ಒಳಗೆ ಮುಚ್ಚಳ ಇರುವ 20 ಲೀಟರಿನ ಎರಡು ಬಕೆಟ್: ಹಸಿರು ಹಸಿ ಕಸಕ್ಕೆ, ಕೆಂಪು ಪ್ಯಾಡು, ಡೈಪರಿನಂಥ ಶೌಚದ ಕಸಕ್ಕೆ. ಕೆಲಸಕ್ಕೆ ಹೊರಡುವವರು ಹಾಕಿ ಹೋಗುತ್ತಾರೆ, ಗೇಟ್ ಮನೆಯವರು ಟಿಪ್ಪರಿಗೆ ಕೊಡುತ್ತಾರೆ. ಬಕೆಟ್ ರಸ್ತೆಗೆ ಬರಬಾರದು. ಬಂದರೆ ಅದೇ ಹೊಸ ಬ್ಲ್ಯಾಕ್ ಸ್ಪಾಟ್. ಮನೆ ಮಾಲೀಕರು ಬಾಡಿಗೆ ಕರಾರು ಬರೆಯುವಾಗಲೇ ಟಿಪ್ಪರ್ ಹೊತ್ತನ್ನೂ ಕಸ ಬೇರೆ ಮಾಡುವ ಕ್ರಮವನ್ನೂ ಒಂದು ಸಾಲಿನಲ್ಲಿ ಸೇರಿಸಿದರೆ ಇನ್ನೂ ಒಳ್ಳೆಯದು. ಪಿ.ಜಿ., ಹೋಟೆಲು, ಚೌಲ್ಟ್ರಿಯವರ ಜೊತೆ ಮಾತು ಬೇರೆಯೇ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಬರುವ ಜಾಗವನ್ನು 2016ರ ಘನತ್ಯಾಜ್ಯ ನಿಯಮಗಳು ಭಾರಿ ಕಸ ಉತ್ಪಾದಕರ ಸಾಲಿಗೆ ಸೇರಿಸಿದವು. ಅಂಥವರು ತಮ್ಮ ಕಸದ ವಿಲೇವಾರಿಯನ್ನು ತಾವೇ ನೋಡಿಕೊಳ್ಳಬೇಕು, ಬೀದಿಯ ಟಿಪ್ಪರಿನ ಮೇಲೆ ಹೊರಿಸುವಂತಿಲ್ಲ.

ಕಸ ಬೇರೆ ಮಾಡುವ ಮಾತು ಇಲ್ಲಿ ಯಾಕೆ ಬರುತ್ತದೆಂದರೆ, ಕಲಸಿದ ಕಸವನ್ನು ಟಿಪ್ಪರಿನವರು ಒಲ್ಲೆ ಎಂದರೆ ಅದು ಸೀದಾ ಮೂಲೆಗೆ ಬರುತ್ತದೆ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಬೆಂಗಳೂರಿಗೆ ಕಡ್ಡಾಯ ಮಾಡಿದ ಎರಡು ಬಕೆಟ್, ಒಂದು ಚೀಲದ ಕ್ರಮ (ಹಸಿ ಕಸಕ್ಕೊಂದು, ಶೌಚದ ಕಸಕ್ಕೊಂದು ಬಕೆಟ್, ಒಣ ಕಸಕ್ಕೆ ಚೀಲ) ಎಲ್ಲರಿಗೂ ಗೊತ್ತು. ಆದರೂ ಮೂರು ಜಾಗದಲ್ಲಿ ಎಡವುತ್ತೇವೆ. ಒಂದು, ಹಸಿ ಕಸವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕೊಡುವುದು. ಬಕೆಟ್ಟಿನ ತಳಕ್ಕೆ ಎರಡು ಹಾಳೆ ಹಳೆ ಪತ್ರಿಕೆ ಹಾಸಿದರೆ ಕವರ್ ಬೇಕಾಗುವುದಿಲ್ಲ. ಎರಡು, ಪ್ಯಾಡು, ಡೈಪರ್. ಪತ್ರಿಕೆಯಲ್ಲಿ ಸುತ್ತಿ, ಕೆಂಪು ಪೆನ್ನಿನಲ್ಲಿ ಗುಣಿಸು ಗುರುತು ಹಾಕಿ. ಸಹಾಯಕ ಅದನ್ನು ಬಿಚ್ಚದೆ ತೆಗೆದಿಡಬಲ್ಲ. ಮೂರು, ಒಡೆದ ಗಾಜು. ದಪ್ಪ ಕಾಗದದಲ್ಲಿ ಸುತ್ತಿ ಮೇಲೆ "ಗಾಜು" ಎಂದು ಬರೆಯಿರಿ, ಕೈಗೇ ಕೊಡಿ.

ಎಳನೀರಿನವರಿಗೆ, ಕೋಳಿ ಅಂಗಡಿಯವರಿಗೆ ಬೈಯುವ ಮೊದಲು ಅವರ ಕಸ ಒಯ್ಯುವ ಗಾಡಿ ಇದೆಯೇ, ಯಾವಾಗ ಬರುತ್ತದೆ ಎಂದು ಆರೋಗ್ಯ ನಿರೀಕ್ಷಕರ ಬಳಿ ಕೇಳಿ ತಿಳಿದು, ಅದೇ ಸುದ್ದಿಯನ್ನು ಹಿಡಿದು ಹೋಗಿ. ಬುರುಡೆಯನ್ನು ಒಡೆಯದೆ ಬಿಟ್ಟರೆ ಮಳೆಗಾಲದಲ್ಲಿ ನೀರು ನಿಂತು ಒಂದೇ ವಾರಕ್ಕೆ ಡೆಂಗಿ ಸೊಳ್ಳೆ ಎದ್ದು ಬರುತ್ತದೆ. ನಾಲ್ಕು ಸೀಳು ಮಾಡಿ ಗೋಣಿಚೀಲಕ್ಕೆ ತುಂಬಿಸಿ ಇಡುವಂತೆ ಕೇಳಿಕೊಳ್ಳಿ, ಬಹಳ ಮಂದಿ ಒಪ್ಪುತ್ತಾರೆ. ಗುಡಿಸಿದ ಎಲೆಗೆ ಮೇಸ್ತ್ರಿಯ ಜೊತೆ ಮಾತಾಡಿ ಗೋಣಿಚೀಲ ಕೊಡಿ. ಕಟ್ಟಿದ ಚೀಲದ ಮೇಲೆ ಯಾರೂ ಕವರ್ ಎಸೆಯುವುದಿಲ್ಲ, ಚೆಲ್ಲಿದ ಗುಡ್ಡೆಯ ಮೇಲೆ ಎಲ್ಲರೂ ಎಸೆಯುತ್ತಾರೆ.

ಗುಡಿಸುವ ದಿನ

ಹತ್ತು ಅಡಿ ಉದ್ದ, ಐದಾರು ಅಡಿ ಅಗಲದ ಜಾಗಕ್ಕೆ ಹತ್ತು ಹನ್ನೆರಡು ಜನ, ಮೂರು ಗಂಟೆ. ಬೆಳಿಗ್ಗೆ 6:30ಕ್ಕೆ ಶುರು ಮಾಡಿದರೆ ಬಿಸಿಲೇರುವ ಮುಂಚೆ ಮುಗಿಯುತ್ತದೆ. ಗುಡ್ಡೆ ಒಯ್ಯುವ ಗಾಡಿ ಅಂದು ಖಂಡಿತ ಬರುತ್ತದೆಂದು ಹಿಂದಿನ ಸಂಜೆ ಮತ್ತೊಮ್ಮೆ ಫೋನು ಮಾಡಿ ಕೇಳಿ. ಗಾಡಿ ಬರದೆ ತುಂಬಿದ ಚೀಲಗಳು ರಾತ್ರಿಯಿಡೀ ಅಲ್ಲೇ ಉಳಿದರೆ ಮಾಡಿದ್ದೆಲ್ಲ ನೀರುಪಾಲು.

ಬೇಕಾದ ಸಾಮಾನು: ಸಲಿಕೆ ಎರಡು, ಗುದ್ದಲಿ ಒಂದು, ಬಾಣಲಿ ಮೂರು, ಉದ್ದ ಹಿಡಿಯ ಪೊರಕೆ ನಾಲ್ಕು, ಗೋಣಿಚೀಲ ಇಪ್ಪತ್ತೈದು, ಉದ್ದ ಇಕ್ಕಳ ಎರಡು, ಎಲ್ಲರಿಗೂ ಮೊಣಕೈವರೆಗಿನ ದಪ್ಪ ರಬ್ಬರ್ ಗ್ಲೌಸ್, ಮಾಸ್ಕ್, ಮುಚ್ಚಿದ ಬೂಟು. ಆಸ್ಪತ್ರೆಯ ತೆಳು ಗ್ಲೌಸ್ ಗಾಜಿನ ಚೂರಿಗೆ ತಡೆಯುವುದಿಲ್ಲ. ಟಿಟಿ ಇಂಜೆಕ್ಷನ್ ಹಾಕಿಸಿ ಬಹಳ ವರ್ಷವಾಗಿದ್ದರೆ ಮೊದಲೇ ಹಾಕಿಸಿಕೊಳ್ಳಿ. ಗುಡ್ಡೆಯಲ್ಲಿ ಇಲಿ ಇದ್ದೇ ಇರುತ್ತದೆ. ಇಲಿ ಜ್ವರ ಗಾಯದ ಮೂಲಕ ಒಳಗೆ ಹೋಗುವುದರಿಂದ ಕೈಕಾಲಿಗೆ ಗಾಯ ಇರುವವರು ಬಣ್ಣ ಬಳಿಯುವ ಕೆಲಸ ಹಿಡಿಯಲಿ. ಸಿರಿಂಜ್ ಸಿಕ್ಕರೆ ಕೈಯಲ್ಲಿ ಮುಟ್ಟದೆ ಇಕ್ಕಳದಿಂದ ಎತ್ತಿ ಗಟ್ಟಿ ಪ್ಲಾಸ್ಟಿಕ್ ಕ್ಯಾನಿಗೆ ಹಾಕಿ ಮುಚ್ಚಿ, ಆರೋಗ್ಯ ನಿರೀಕ್ಷಕರಿಗೆ ಬೇರೆಯಾಗಿ ಕೊಡಿ.

ಗುಡ್ಡೆ ಟ್ರಾನ್ಸ್‌ಫಾರ್ಮರ್ ಅಥವಾ ವಿದ್ಯುತ್ ಪೆಟ್ಟಿಗೆಯ ಕೆಳಗಿದ್ದರೆ ಬೆಸ್ಕಾಂ ಲೈನ್‌ಮನ್ ಇಲ್ಲದೆ ಕೈ ಹಾಕಲೇಬೇಡಿ. 1912ಕ್ಕೆ ಹೇಳಿ ದಿನ ಗೊತ್ತು ಮಾಡಿಕೊಳ್ಳಿ. ನೀರು ಹಾಯಿಸುವುದು, ಹಾರೆ ಇರಿಯುವುದು ಎರಡೂ ಪ್ರಾಣಕ್ಕೆ ಅಪಾಯ. ಕಸದೊಳಗೆ ಹೂತ ಕೇಬಲ್ಲಿನ ಹೊದಿಕೆಯನ್ನು ಇಲಿ ಕಡಿದಿರುತ್ತದೆ, ಮೇಲಿನಿಂದ ಕಾಣುವುದಿಲ್ಲ. ಹಾಗೆಯೇ ಚರಂಡಿಯೊಳಗೆ, ಮ್ಯಾನ್‌ಹೋಲಿನೊಳಗೆ ಯಾರೂ ಇಳಿಯಬಾರದು, ಯಾರನ್ನೂ ಇಳಿಸಲೂಬಾರದು. ಅದು ಯಂತ್ರದ ಕೆಲಸ.

ಎತ್ತುವಾಗಲೇ ಮೂರು ಭಾಗ ಮಾಡಿ: ಇನ್ನೂ ಬಾಳುವ ಒಣ ಸಾಮಾನು, ಕಟ್ಟಡದ ಅವಶೇಷ, ಉಳಿದ ಕಲಸಿದ ಕಸ. ಅವಶೇಷದ ಚೀಲ ಅರ್ಧಕ್ಕೆ ನಿಲ್ಲಿಸಿ, ತುಂಬಿದರೆ ಇಬ್ಬರು ಎತ್ತಲಾರರು, ಚೀಲವೂ ಹರಿಯುತ್ತದೆ.

ಗುಡಿಸಿದ ಮೇಲೆ ಬಹಳ ಕಡೆ ಬಿಟ್ಟುಹೋಗುವ ಕೆಲಸವೊಂದಿದೆ. ತಿಂಗಳುಗಟ್ಟಲೆ ಕೊಳೆನೀರು ಕುಡಿದ ಮಣ್ಣು ಕಪ್ಪಾಗಿ, ಮೆತ್ತಗೆ, ಎಣ್ಣೆ ಹಚ್ಚಿದಂತೆ ಹೊಳೆಯುತ್ತಿರುತ್ತದೆ. ಅದನ್ನು ಎರಡು ಮೂರು ಇಂಚು ಕೆರೆದು ತೆಗೆಯಲೇಬೇಕು. ನಮ್ಮ ಮೂಗಿಗೆ ನಾತ ಹೋದಂತೆ ಅನಿಸಿದರೂ ನಾಯಿಯ ಮೂಗಿಗೆ ಅದು ಇನ್ನೂ ಊಟದ ಜಾಗವೇ. ನಾಯಿ ಬಂದು ಕೆದರಿದರೆ ಜನ ಮತ್ತೆ ಕಸ ಹಾಕಲು ಹಿಂಜರಿಯುವುದಿಲ್ಲ. ಕೆರೆದ ಜಾಗಕ್ಕೆ ಸುಣ್ಣದ ಪುಡಿ ಎರಚಿ, ಹೊಸ ಕೆಮ್ಮಣ್ಣು ಅಥವಾ ಎಂ-ಸ್ಯಾಂಡ್ ಹಾಕಿ ಗುದ್ದಿ ಮಟ್ಟ ಮಾಡಿ. ಬ್ಲೀಚಿಂಗ್ ಪುಡಿ ಬಳಸುವುದಾದರೆ ಅದರ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಬೇಡಿ, ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ. ಮರವಿದ್ದರೆ ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಟ್ಟಿರಲಿ, ಅಲ್ಲಿ ಸುಣ್ಣ, ಬ್ಲೀಚಿಂಗ್, ಕಾಂಕ್ರೀಟು ಏನೂ ಬೇಡ.

ಗೋಡೆಗೆ ಬಣ್ಣ. 10 ಅಡಿ ಉದ್ದ, 6 ಅಡಿ ಎತ್ತರದ ಒರಟು ಕಾಂಪೌಂಡಿಗೆ ಎರಡು ಸಲ ಬಳಿಯಲು ಎರಡು ಲೀಟರ್ ಹೊರಗೋಡೆಯ ಎಮಲ್ಷನ್ ಸಾಕು. ಕೆಳಗಿನ ಎರಡು ಅಡಿಗೆ ಕೆಮ್ಮಣ್ಣಿನ ಬಣ್ಣ ಹೊಡೆಯಿರಿ, ಎಲೆ ಅಡಿಕೆ ಉಗಿದ ಕಲೆಯೂ ಕೆಸರಿನ ಸಿಡಿತವೂ ಎದ್ದು ಕಾಣುವುದಿಲ್ಲ. 2010ರಿಂದ ಹೆಸರು ಹೇಳಿಕೊಳ್ಳದೆ ಇಂಥ ಮೂಲೆಗಳನ್ನು ಸರಿಪಡಿಸುತ್ತ ಬಂದ ದಿ ಅಗ್ಲಿ ಇಂಡಿಯನ್ ಬಳಗದ ಗೋಡೆಗಳಲ್ಲೂ ಈ ಕೆಂಪು ಪಟ್ಟಿ ನೋಡಬಹುದು. ದೇವರ ಪಟ ಅಂಟಿಸುವುದು ನಮಗೆ ಒಪ್ಪಿಗೆಯಿಲ್ಲ. ಕಸ ಇಪ್ಪತ್ತು ಅಡಿ ಆಚೆ ಸರಿಯುತ್ತದೆ, ಪಟ ಬಿಸಿಲು ಮಳೆಗೆ ಹರಿದು ಚರಂಡಿಗೆ ಬೀಳುತ್ತದೆ. ಬೆಳಿಗ್ಗೆ ರಂಗೋಲಿ ಹಾಕುವುದು ಒಳ್ಳೆಯದು, ಏಕೆಂದರೆ ಅದಕ್ಕೆ ದಿನಾ ಒಬ್ಬರು ಬಂದು ನಿಲ್ಲಲೇಬೇಕು. ಹೂಕುಂಡ ಇಡುವುದಾದರೆ ಇಬ್ಬರು ಎತ್ತಲಾಗದಷ್ಟು ಭಾರದ್ದು ಇಡಿ. ಇನ್ನೂ ಬಾಳಿಕೆ ಬರುವುದು ಒಂದು ಕಲ್ಲು ಚಪ್ಪಡಿಯ ಬೆಂಚು. ಸಂಜೆ ನಾಲ್ಕು ಜನ ಹಿರಿಯರು ಕೂರುವ ಜಾಗದಲ್ಲಿ ಕವರ್ ಎಸೆಯಲು ಕೈ ಏಳುವುದಿಲ್ಲ.

ಆಮೇಲಿನ ಮೂರು ವಾರ

ಗೆಲುವು ಸೋಲು ನಿರ್ಧಾರವಾಗುವುದು ಇಲ್ಲಿ. ಬಿದ್ದ ಮೊದಲ ಕವರನ್ನು ಒಂದು ಗಂಟೆಯೊಳಗೆ ಎತ್ತಬೇಕು, ಅದೊಂದೇ ನಿಯಮ. ಒಂದು ಕವರ್ ರಾತ್ರಿ ಕಳೆದರೆ ಬೆಳಿಗ್ಗೆಗೆ ಏಳು. ಮೊದಲ ಹತ್ತು ದಿನ ರಾತ್ರಿ 9ರಿಂದ 11 ಇಬ್ಬಿಬ್ಬರು ಅಲ್ಲಿರಿ. ಜಗಳ ಬೇಡ, ದಾರಿ ತೋರಿಸಿ: "ಅಣ್ಣಾ, ಇಲ್ಲಿ ಈಗ ಹಾಕ್ತಿಲ್ಲ. ಟಿಪ್ಪರ್ ಏಳೂಕಾಲಿಗೆ ಬರತ್ತೆ, ನಿಮಗೆ ಆಗಲ್ಲಾಂದ್ರೆ ಆ ನೀಲಿ ಗೇಟಿನ ಬಕೆಟ್ಟಿಗೆ ಹಾಕಿ ಹೋಗಿ." ಕಸ ಹಾಕಲು ಬೇರೆ ಜಾಗ ತೋರಿಸಿದವರ ಮಾತಿಗೆ ಬೆಲೆ ಇರುತ್ತದೆ. ಬೋರ್ಡ್ ಹಾಕುವುದಾದರೆ ಟಿಪ್ಪರ್ ಹೊತ್ತನ್ನು ದೊಡ್ಡ ಅಂಕಿಯಲ್ಲಿ ಬರೆಯಿರಿ, ಕನ್ನಡದ ಕೆಳಗೆ ಆ ಬೀದಿಯವರು ಓದುವ ಇನ್ನೊಂದು ಭಾಷೆ ಇರಲಿ. "ಕಸ ಹಾಕಿದರೆ ದಂಡ" ಎಂಬ ಬೋರ್ಡಿನ ಕೆಳಗೇ ಗುಡ್ಡೆ ಇರುವುದನ್ನು ನಗರದ ತುಂಬ ನೋಡಿದ್ದೇವಲ್ಲ.

ಸುತ್ತ ನೂರು ಮೀಟರ್ ದಿನಾ ಒಂದು ಸುತ್ತು ಹಾಕಿ. ಗುಡ್ಡೆ ಪಕ್ಕದ ಖಾಲಿ ಸೈಟಿಗೆ ಸರಿದಿದ್ದರೆ ನೋಟ್‌ಬುಕ್ ಮತ್ತೆ ತೆಗೆಯಿರಿ, ಯಾವುದೋ ಒಂದು ದಾರಿ ಮುಚ್ಚಿಲ್ಲ ಎಂದರ್ಥ. ಕಸಕ್ಕೆ ಬೆಂಕಿ ಇಡಲು ಯಾರಿಗೂ ಬಿಡಬೇಡಿ. ಪ್ಲಾಸ್ಟಿಕ್ ಸುಟ್ಟ ಹೊಗೆಯನ್ನು ಮೊದಲು ಕುಡಿಯುವವರು ಪಕ್ಕದ ಮನೆಯ ಮಕ್ಕಳು.

ಒಣ ಕಸ

ವಾರ್ಡಿನ ಒಣ ತ್ಯಾಜ್ಯ ಸಂಗ್ರಹ ಕೇಂದ್ರ ಎಲ್ಲಿದೆ, ವಾರದ ಯಾವ ದಿನ ನಿಮ್ಮ ಬೀದಿಗೆ ಗಾಡಿ ಬರುತ್ತದೆ ಎಂದು ತಿಳಿದುಕೊಳ್ಳಿ. ಇಂಥ ಹಲವು ಕೇಂದ್ರಗಳನ್ನು ಕಸ ಆಯುತ್ತಿದ್ದ ಕುಟುಂಬಗಳವರೇ ನಡೆಸುತ್ತಿದ್ದಾರೆ. ಅವರ ಹೊಟ್ಟೆಪಾಡು ನಡೆಯುವುದು ಪೇಪರ್, ರಟ್ಟು, ನೀರಿನ ಬಾಟಲಿ, ಹಾಲಿನ ಕವರಿನಿಂದ. ಬೆಲೆ ಬಾಳುವುದನ್ನೆಲ್ಲ ಗುಜರಿಗೆ ಮಾರಿ, ಚಿಪ್ಸ್ ಪ್ಯಾಕೆಟ್, ಥರ್ಮಾಕೋಲ್ ಮಾತ್ರ ಕೇಂದ್ರಕ್ಕೆ ಕೊಟ್ಟರೆ ಅವರಿಗೆ ಬಾಡಿಗೆಯೂ ಹುಟ್ಟುವುದಿಲ್ಲ. ಎರಡನ್ನೂ ಸೇರಿಸಿಯೇ ಕೊಡಿ. ಪದರ ಪದರವಾಗಿ ಅಂಟಿಸಿದ ಚಿಪ್ಸ್ ಪ್ಯಾಕೆಟ್, ಶ್ಯಾಂಪೂ ಸ್ಯಾಶೆ ಕರಗಿಸಿ ಹೊಸದು ಮಾಡಲು ಬರುವುದಿಲ್ಲ, ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲು. ಇವನ್ನು ಮನೆಗೆ ತರುವುದೇ ಕಡಿಮೆಯಾಗಬೇಕು.

ಹಾಲಿನ ಕವರ್ ಕತ್ತರಿಸುವ ರೀತಿ ಒಂದಿದೆ. ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಿದರೆ ಆ ಉಗುರಿನಷ್ಟು ಚೂರು ಯಾರ ಕೈಗೂ ಸಿಗದೆ ಸಿಂಕಿನಿಂದ ಮೋರಿಗೆ ಹೋಗುತ್ತದೆ. ಕತ್ತರಿ ಮುಕ್ಕಾಲು ಪಾಲಿಗೆ ನಿಲ್ಲಿಸಿ, ಚೂರು ಕವರಿಗೇ ಅಂಟಿಕೊಂಡಿರಲಿ. ಹಾಲು ಬಗ್ಗಿಸಿದ ಮೇಲೆ ಅರ್ಧ ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಹಾಕಿ, ಕವರನ್ನು ಕಿಟಕಿಗೆ ಸಿಕ್ಕಿಸಿ ಒಣಗಿಸಿ. ಒದ್ದೆ ಕವರ್ ಎರಡೇ ದಿನಕ್ಕೆ ಇಡೀ ಚೀಲವನ್ನು ನಾರಿಸುತ್ತದೆ, ಆಮೇಲೆ ಮನೆಯವರೇ ಅದನ್ನು ಹೊರಗೆ ಎಸೆಯುತ್ತಾರೆ. ಒಣ ಕಸ ವಾರಗಟ್ಟಲೆ ಮನೆಯಲ್ಲಿ ಇರಬೇಕಾದರೆ ತೊಳೆದು ಒಣಗಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಟ್ಯೂಬ್‌ಲೈಟು, ಬ್ಯಾಟರಿ, ಹಳೆ ಚಾರ್ಜರ್ ಈ ಚೀಲಕ್ಕೆ ಬೇಡ, ಬೇರೆ ರಟ್ಟಿನ ಡಬ್ಬ ಇಟ್ಟು ಇ-ತ್ಯಾಜ್ಯಕ್ಕೆ ಕೊಡಿ. ಟ್ಯೂಬ್‌ಲೈಟಿನಲ್ಲಿ ಪಾದರಸ ಇರುವುದರಿಂದ ಒಡೆಯಬಾರದು.

ಎಲೆ

ಜನವರಿಯಿಂದ ಮಾರ್ಚ್‌ವರೆಗೆ ಬೆಂಗಳೂರಿನ ಬೀದಿಗಳಲ್ಲಿ ಎಲೆಯದೇ ರಾಜ್ಯ. ಹೊಂಗೆ ಬೋಳಾಗಿ ಯುಗಾದಿಯ ಹೊತ್ತಿಗೆ ಚಿಗುರುತ್ತದೆ. ಈ ಎಲೆಯನ್ನು ಲಾರಿಗೆ ಹೇರುವುದೂ ಸುಡುವುದೂ ಎರಡೂ ನಷ್ಟ. ಪಾರ್ಕಿನ ಮೂಲೆಯಲ್ಲೋ ಅಗಲ ಫುಟ್‌ಪಾತಿನ ಮಣ್ಣಿನ ಮೇಲೋ, ಒಪ್ಪಿಗೆ ಪಡೆದು, ಎಲೆಯನ್ನು ಗೊಬ್ಬರ ಮಾಡುವ ಎಲೆ ಪಂಜರ ಕಟ್ಟಿ.

ಒಂದು ಇಂಚು ಕಣ್ಣಿನ ಜಿ.ಐ. ವೆಲ್ಡ್ ಮೆಶ್ (ಸತು ಲೇಪಿಸಿದ ತಂತಿ ಜಾಲರಿ), 4 ಅಡಿ ಎತ್ತರ, 13 ಅಡಿ ಉದ್ದ. ಸುತ್ತಿ ತಂತಿಯಿಂದ ಹೊಲಿದರೆ 4 ಅಡಿ ವ್ಯಾಸದ ಪಂಜರವಾಗುತ್ತದೆ, 1,400 ಲೀಟರ್ ಹಿಡಿಯುತ್ತದೆ. ಅರೆನೆರಳಿನಲ್ಲಿ ಬರೀ ಮಣ್ಣಿನ ಮೇಲೆ ನಿಲ್ಲಿಸಿ, ತಳಕ್ಕೆ ಅರ್ಧ ಅಡಿ ಒಣ ಕಡ್ಡಿ ಹಾಕಿ, ಗಾಳಿ ಆಡಲಿ. ಮೇಲೆ ಒಂದೊಂದು ಅಡಿ ಎಲೆ ಹಾಕಿ ತುಳಿದು, ಪ್ರತಿ ಪದರಕ್ಕೂ ಹತ್ತು ಲೀಟರ್ ನೀರಿನಲ್ಲಿ ಒಂದು ಕಿಲೋ ಸಗಣಿ ಅಥವಾ ಒಂದು ಲೀಟರ್ ಹುಳಿ ಮಜ್ಜಿಗೆ ಕಲಸಿ ಚಿಮುಕಿಸಿ. ಒಂದು ಹಿಡಿ ಎಲೆ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬರಬೇಕು, ಧಾರೆ ಬಂದರೆ ನೀರು ಜಾಸ್ತಿ. ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ಮಗುಚಿ.

ಎರಡು ತಿಂಗಳಾದರೂ ಎಲೆ ಎಲೆಯಾಗಿಯೇ ಇದ್ದರೆ ನೀರು ಸಾಲದು. ಇರುವೆ ಗೂಡು ಕಟ್ಟಿದ್ದರೂ ಅದೇ ಕಾರಣ. ಕೆಟ್ಟ ನಾತ ಬಂದರೆ ಯಾರೋ ಅಡುಗೆಮನೆಯ ಕಸವನ್ನೋ ಹಸಿ ಹುಲ್ಲನ್ನೋ ಸುರಿದಿದ್ದಾರೆ, ಮಗುಚಿ ಒಣ ಎಲೆ ಬೆರೆಸಿ. ಅಶೋಕ, ಮಾವಿನ ಎಲೆ ತೊಗಲಿನಂತೆ ದಪ್ಪ, ತುಳಿದು ಪುಡಿ ಮಾಡದೆ ಹಾಕಿದರೆ ತಿಂಗಳು ಹೆಚ್ಚು ಬೇಕು. ಮಳೆಮರದ ಸಣ್ಣ ಎಲೆ ಒತ್ತಾಗಿ ಚಾಪೆಯಂತೆ ಕೂರುತ್ತದೆ, ನಡುನಡುವೆ ದಪ್ಪ ಎಲೆ ಸೇರಿಸಿದರೆ ಗಾಳಿ ಆಡುತ್ತದೆ. ಪಂಜರಕ್ಕೆ ಪ್ಲಾಸ್ಟಿಕ್ ಬೀಳುತ್ತಿದ್ದರೆ "ಎಲೆ ಮಾತ್ರ" ಎಂಬ ಬರಹದ ಜೊತೆ ಎಲೆಯ ಚಿತ್ರವನ್ನೂ ಕಟ್ಟಿ. ಮೇಲ್ಪದರ ಒಣಗಲು ಬಿಡಬೇಡಿ, ಬೀಡಿಯ ಕಿಡಿಗೂ ಹತ್ತಿಕೊಳ್ಳುತ್ತದೆ.

ಮೂರು ನಾಲ್ಕು ತಿಂಗಳಿಗೆ ರಾಶಿ ಮೂರನೇ ಒಂದು ಭಾಗಕ್ಕೆ ಇಳಿದು, ಕಪ್ಪಗೆ, ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಅರ್ಧ ಇಂಚಿನ ಜಾಲರಿಯಲ್ಲಿ ಸೋಸಿ ಬೀದಿಯ ಮರಗಳ ಬುಡಕ್ಕೆ, ಗುಡ್ಡೆ ಇದ್ದ ಆ ಮೂಲೆಯ ಕುಂಡಗಳಿಗೆ ಹಾಕಿ. ಜಾಲರಿಯ ಮೇಲೆ ಉಳಿದ ಒರಟು ಚೂರನ್ನು ಮುಂದಿನ ಪಂಜರದ ತಳಕ್ಕೆ ಹೆಪ್ಪಿನಂತೆ ಬಳಸಿ.